ಬೂದು ಬಣ್ಣದ ಲೆಕ್ಕ: ಕಪ್ಪು-ಬಿಳುಪು ಡಿಜಿಟಲ್ ಮುದ್ರಣದ ಚರಿತ್ರೆ

ಕಪ್ಪು-ಬಿಳುಪು ಛಾಯಾಚಿತ್ರವೆಂದು ಕರೆಯಲಾಗುವ ಮುದ್ರಿತ ಚಿತ್ರದಲ್ಲಿ ಬಣ್ಣವೇ ಇಲ್ಲದ ಕಪ್ಪಾಗಲಿ ಬಣ್ಣವೇ ಇಲ್ಲದ ಬಿಳುಪಾಗಲಿ ಕಂಡುಬಂದದ್ದು ವಿರಳ. ಫ್ರಾನ್ಸಿನ ಲೂಯಿ ದೆಸಿರೆ ಬ್ಲಾಂಕಾರ್-ಎವ್ರಾರ್ 1850ರಲ್ಲಿ ಪರಿಚಯಿಸಿದ ಆಲ್ಬ್ಯುಮೆನ್ ಕಾಗದ, ಅಂದರೆ ಮೊಟ್ಟೆಯ ಬಿಳಿಲೋಳೆಯನ್ನು ಸವರಿ ಬೆಳ್ಳಿಯ ಲವಣಗಳಿಂದ ಬೆಳಕಿಗೆ ಸ್ಪಂದಿಸುವಂತೆ ಮಾಡಿದ ಕಾಗದ, ಸಹಜವಾಗಿ ಕೆಂಪು ಬೆರೆತ ಕಂದು ಚಿತ್ರಗಳನ್ನು ಕೊಡುತ್ತಿತ್ತು. ಅವನ್ನು ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ತೆಗೆದಾಗ ಆ ಕಂದು ನೇರಳೆಯ ಕಡೆಗೆ ವಾಲುತ್ತಿತ್ತು. ಇಂಗ್ಲೆಂಡಿನ ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ಪ್ಲಾಟಿನಂ ಮುದ್ರಣವು ಮೃದುವಾದ ಬೂದು ಛಾಯೆಗಳಿಗೆ ಹೆಸರಾಯಿತು. ಆ ಬಳಿಕ ಬಂದು ನೂರು ವರ್ಷಗಳಷ್ಟು ಕಾಲ ಕತ್ತಲಕೋಣೆಗಳನ್ನು ಆಳಿದ ಬೆಳ್ಳಿ-ಜೆಲಾಟಿನ್ ಕಾಗದದಲ್ಲಿಯೂ ಬ್ರೋಮೈಡ್ ಬಗೆಯದು ತಣ್ಣನೆಯ ಕಪ್ಪನ್ನೂ ಕ್ಲೋರೋಬ್ರೋಮೈಡ್ ಬಗೆಯದು ಬೆಚ್ಚನೆಯ ಕಂದುಗಪ್ಪನ್ನೂ ಕೊಡುತ್ತಿದ್ದವು. ಕಾಗದದ ಪದರದಲ್ಲಿ ಉಳಿಯುವ ಬೆಳ್ಳಿಯ ಕಣಗಳು ತೀರ ಸಣ್ಣವಾಗಿದ್ದರೆ ಅವು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಚಿತ್ರಕ್ಕೆ ಕಂದು ಬಣ್ಣ ಬರುತ್ತದೆ, ಕಣಗಳು ದಪ್ಪವಾದಂತೆ ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಹೀರಿ ಚಿತ್ರ ಕಪ್ಪಿಗೆ ಹತ್ತಿರವಾಗುತ್ತದೆ ಎಂಬುದು ಇದರ ಹಿಂದಿನ ಭೌತಶಾಸ್ತ್ರ. ಸೆಲೆನಿಯಂ ಟೋನಿಂಗ್, ಸೀಪಿಯಾ ಟೋನಿಂಗ್ ಎಂಬ ರಾಸಾಯನಿಕ ಸ್ನಾನಗಳು ಇದೇ ಬಣ್ಣವನ್ನು ಇನ್ನಷ್ಟು ಹೊರಳಿಸುತ್ತಿದ್ದವು.

ಈ ಹಿನ್ನೆಲೆಯನ್ನು ಇಷ್ಟು ವಿವರವಾಗಿ ನೆನೆಯಲು ಕಾರಣವಿದೆ. ಕತ್ತಲಕೋಣೆಯ ಯುಗದಲ್ಲಿ ಕಪ್ಪು-ಬಿಳುಪು ಚಿತ್ರದ ಬಣ್ಣವು ರಸಾಯನದೊಳಗೇ ಅಡಗಿತ್ತು. ಮುದ್ರಿಸುವವನು ಯಾವ ಕಾಗದದ ಪೊಟ್ಟಣ ಒಡೆಯಬೇಕು, ಯಾವ ಡೆವಲಪರ್ ಕಲಸಬೇಕು ಎಂದು ತೀರ್ಮಾನಿಸಿದರೆ ಬಣ್ಣದ ತೀರ್ಮಾನವೂ ಅದರ ಜೊತೆಗೇ ಆಗಿಹೋಗುತ್ತಿತ್ತು, ಅದನ್ನು ಅಂಕಿಗಳಲ್ಲಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಂಕಿಗಳು ಬಂದದ್ದು ಬಣ್ಣಕ್ಕಲ್ಲ, ಗಾಢತೆಗೆ. ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೆರೊ ಡ್ರಿಫೀಲ್ಡ್ 1890ರಲ್ಲಿ ಪ್ರಕಟಿಸಿದ ಸಂಶೋಧನೆಯು, ಬಿದ್ದ ಬೆಳಕಿಗೂ ಉಂಟಾದ ಕಪ್ಪಿಗೂ ಇರುವ ಸಂಬಂಧವನ್ನು ಒಂದು ರೇಖೆಯಾಗಿ ಬರೆದು ತೋರಿಸಿತು. ಡೆನ್ಸಿಟಿ ಎಂಬ ಅಳತೆ ಅಲ್ಲಿಂದಾಚೆಗೆ ಛಾಯಾಗ್ರಹಣದ ನಿತ್ಯದ ಮಾತಾಯಿತು. ಡೆನ್ಸಿಟಿ 1 ಎಂದರೆ ಬಿದ್ದ ಬೆಳಕಿನ ಹತ್ತನೆಯ ಒಂದು ಭಾಗ, 2 ಎಂದರೆ ನೂರನೆಯ ಒಂದು ಭಾಗ ಮಾತ್ರ ಹಿಂತಿರುಗುತ್ತದೆ. ಒಳ್ಳೆಯ ಹೊಳಪಿನ ಬೆಳ್ಳಿ ಕಾಗದದ ಕಪ್ಪು 2ನ್ನು ದಾಟುತ್ತಿತ್ತು, ಪ್ಲಾಟಿನಂ ಚಿತ್ರದ ಕಪ್ಪು ಸುಮಾರು 1.5ಕ್ಕೇ ನಿಲ್ಲುತ್ತಿತ್ತು. ಕಾಗದದ ಗಡಸುತನವನ್ನು, ಅಂದರೆ ಕಾಂಟ್ರಾಸ್ಟನ್ನು, ಅಂಕಿ ಹಚ್ಚಿದ ಗ್ರೇಡುಗಳಲ್ಲಿ ಮಾರುವ ಪದ್ಧತಿ ನೆಲೆಗೊಂಡಿತು. 1940ರಲ್ಲಿ ಇಲ್‌ಫರ್ಡ್ ಕಂಪನಿಯು ಫಿಲ್ಟರ್ ಬದಲಿಸಿ ಒಂದೇ ಕಾಗದದಲ್ಲಿ ಬೇರೆ ಬೇರೆ ಕಾಂಟ್ರಾಸ್ಟ್ ಪಡೆಯಬಹುದಾದ ಮಲ್ಟಿಗ್ರೇಡನ್ನು ತಂದಿತು. ಭಾರತದ ಸ್ಟುಡಿಯೋಗಳಿಗೆ ಮೊದಲು ಹೊರದೇಶದ ಕಾಗದವೂ, 1967ರಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್ ಕಾರ್ಖಾನೆ ಉತ್ಪಾದನೆ ತೊಡಗಿದ ಮೇಲೆ ‘ಇಂದು’ ಹೆಸರಿನ ಸ್ವದೇಶಿ ಸಾಮಗ್ರಿಯೂ ದೊರೆಯುತ್ತಿತ್ತು. ಬೆಂಗಳೂರು, ಮೈಸೂರುಗಳ ಕತ್ತಲಕೋಣೆಗಳಲ್ಲಿಯೂ ಗ್ರೇಡು, ಟೋನು ಎಂಬ ಮಾತುಗಳಿದ್ದವೇ ಹೊರತು ವರ್ಣನಿರ್ವಹಣೆ, ಅಂದರೆ ಬಣ್ಣವನ್ನು ಅಂಕಿಗಳ ಮೂಲಕ ಹತೋಟಿಯಲ್ಲಿಡುವುದು, ಎಂಬ ಮಾತಿಗೆ ಆಸ್ಪದವಿರಲಿಲ್ಲ.

ಬೂದುಬಣ್ಣವನ್ನು ಬೇಕೆಂದೇ ಕಟ್ಟಬೇಕಾದ ಸಂಕಷ್ಟ ಮೊದಲು ಎದುರಾದದ್ದು ಪುಸ್ತಕ ಮುದ್ರಿಸುವವರಿಗೆ. ಮುದ್ರಣಯಂತ್ರಕ್ಕೆ ಬೂದು ಎಂಬುದು ಇಲ್ಲ. ಅದು ಒಂದೋ ಶಾಯಿ ಹಾಕುತ್ತದೆ, ಇಲ್ಲವೇ ಬಿಡುತ್ತದೆ. ಆದ್ದರಿಂದ ಚಿತ್ರವನ್ನು ಸಣ್ಣ-ದೊಡ್ಡ ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನ 1880ರ ದಶಕದಲ್ಲಿ ಬಳಕೆಗೆ ಬಂದಿತು. ಆದರೆ ಒಂದೇ ಕಪ್ಪು ಶಾಯಿಯ ಚುಕ್ಕಿಗಳಿಂದ ಬೆಳ್ಳಿ ಕಾಗದದ ಆಳವನ್ನು ತರಲಾಗದೆ, ಕಪ್ಪಿನ ಜೊತೆಗೆ ಬೂದು ಶಾಯಿಯೊಂದನ್ನು ಎರಡನೆಯ ಅಚ್ಚಿನಲ್ಲಿ ಹಾಕುವ ಡ್ಯುವೊಟೋನ್ ಪದ್ಧತಿ ಹುಟ್ಟಿತು. ಇದರ ಉತ್ತುಂಗವನ್ನು ಅಮೆರಿಕದ ರಿಚರ್ಡ್ ಬೆನ್ಸನ್ ಮುದ್ರಿಸಿದ, 1985ರಲ್ಲಿ ಹೊರಬಂದ ಗಿಲ್ಮನ್ ಪೇಪರ್ ಕಂಪನಿಯ ಛಾಯಾಚಿತ್ರ ಸಂಗ್ರಹದ ಗ್ರಂಥದಲ್ಲಿ ಕಾಣಬಹುದು. ಒಂದೊಂದು ಚಿತ್ರದ ಬಣ್ಣಕ್ಕೂ ತಕ್ಕ ಶಾಯಿಗಳನ್ನು ಆರಿಸಿ, ಪದರದ ಮೇಲೆ ಪದರವಾಗಿ ಆಫ್‌ಸೆಟ್ ಯಂತ್ರದಲ್ಲಿ ಹಾಯಿಸಿ, ಆಲ್ಬ್ಯುಮೆನ್ನಿನ ಕಂದನ್ನೂ ಪ್ಲಾಟಿನಂನ ಬೂದನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಂಡ ಕೆಲಸ ಅದು. ಕಪ್ಪು-ಬಿಳುಪಿಗೆ ಒಂದಕ್ಕಿಂತ ಹೆಚ್ಚು ಶಾಯಿ ಬೇಕು, ಆ ಶಾಯಿಗಳು ಬೂದಿನ ವಿವಿಧ ಗಾಢತೆಗಳಾಗಿರಬೇಕು ಎಂಬ ಅರಿವು ಅಚ್ಚುಕೂಟದಲ್ಲಿ ಹೀಗೆ ಪಕ್ವವಾಗಿತ್ತು. ಕಂಪ್ಯೂಟರ್ ಪ್ರಿಂಟರ್‌ಗಳನ್ನು ತಯಾರಿಸಿದವರು ಅದನ್ನು ಮತ್ತೆ ಮೊದಲಿನಿಂದ ಕಲಿಯಲು ಸುಮಾರು ಹದಿನೈದು ವರ್ಷ ತೆಗೆದುಕೊಂಡರು.

ಅದಕ್ಕೆ ಮುಖ್ಯ ಕಾರಣ, ಅವರ ಗಮನವೆಲ್ಲ ಬಣ್ಣದ ಮೇಲಿತ್ತು. ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಶಾಸ್ತ್ರವನ್ನು ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗವು 1931ರಲ್ಲಿ ಕಟ್ಟಿ, 1976ರಲ್ಲಿ ಲ್ಯಾಬ್ ಎಂಬ ರೂಪಕ್ಕೆ ತಂದಿತ್ತು. ಲ್ಯಾಬ್ ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಂಕಿಗಳು: ಹೊಳಪನ್ನು ಸೊನ್ನೆಯಿಂದ ನೂರರವರೆಗೆ ಹೇಳುವ ‘ಎಲ್’, ಹಸಿರು-ಕೆಂಪಿನ ನಡುವಿನ ವಾಲನ್ನು ಹೇಳುವ ‘ಎ’, ನೀಲಿ-ಹಳದಿಯ ನಡುವಿನ ವಾಲನ್ನು ಹೇಳುವ ‘ಬಿ’. ಕೊನೆಯ ಎರಡೂ ಸೊನ್ನೆಯಾಗಿದ್ದರೆ ಅದು ನಿರ್ವರ್ಣ ಬೂದು. ಕಣ್ಣು ಗಾಢ ಕೆಂಪಿನಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು ಗಮನಿಸದೆ ಹೋಗಬಹುದು. ಆದರೆ ಬೂದಿನಲ್ಲಿ ಅಷ್ಟೇ ವ್ಯತ್ಯಾಸವಾದರೆ ‘ಇದು ಹಸಿರಾಗಿದೆ’ ಎಂದು ಥಟ್ಟನೆ ಗುರುತಿಸುತ್ತದೆ. ಚಿನ್ನಕ್ಕೆ ಒರೆಗಲ್ಲಿದ್ದಂತೆ ಬಣ್ಣದ ಮುದ್ರಣಕ್ಕೆ ಬೂದು. ಬಣ್ಣದ ಚಿತ್ರದಲ್ಲಿ ಮರೆಯಾಗಿ ಕುಳಿತ ದೋಷವೆಲ್ಲ ಅಲ್ಲಿ ಗೆರೆಯಾಗಿ ಮೂಡುತ್ತದೆ.

1980ರ ದಶಕದ ಕೊನೆಗೆ ಸ್ಕ್ಯಾನರ್, ಪರದೆ, ಪ್ರಿಂಟರ್‌ಗಳು ಬೇರೆ ಬೇರೆ ಕಂಪನಿಗಳಿಂದ ಬರತೊಡಗಿದಾಗ, ಒಂದೇ ಅಂಕಿ ಒಂದೊಂದು ಯಂತ್ರದಲ್ಲಿ ಒಂದೊಂದು ಬಣ್ಣವಾಗಿ ಕಾಣುವ ಗೊಂದಲ ಹುಟ್ಟಿತು. ಅದನ್ನು ಪರಿಹರಿಸಲು ಅಡೋಬಿ, ಆಗ್ಫಾ, ಆಪಲ್, ಕೊಡ್ಯಾಕ್, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಸಂಸ್ಥೆಗಳು 1993ರಲ್ಲಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ, ಚಿಕ್ಕದಾಗಿ ಐಸಿಸಿ, ಎಂಬ ಒಕ್ಕೂಟವನ್ನು ಕಟ್ಟಿದವು. ಪ್ರತಿ ಯಂತ್ರಕ್ಕೂ ಪ್ರೊಫೈಲ್ ಎಂಬ ಒಂದು ಕಡತವಿರಬೇಕು. ಆ ಯಂತ್ರದ ಯಾವ ಅಂಕಿ ಲ್ಯಾಬ್‌ನ ಯಾವ ಬಣ್ಣಕ್ಕೆ ಸಮ ಎಂಬ ಕೋಷ್ಟಕ ಅದರೊಳಗಿರಬೇಕು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಬಣ್ಣವು ಲ್ಯಾಬ್ ಎಂಬ ಮಧ್ಯಸ್ಥನ ಮೂಲಕವೇ ಹಾದುಹೋಗಬೇಕು. ವರ್ಣನಿರ್ವಹಣೆ ಎಂದರೆ ಇಷ್ಟೇ, ಮತ್ತು ಬಣ್ಣದ ಚಿತ್ರಗಳ ಮಟ್ಟಿಗೆ ಈ ಏರ್ಪಾಡು ಬಹುಮಟ್ಟಿಗೆ ಗೆದ್ದಿತು. ಕಪ್ಪು-ಬಿಳುಪನ್ನು ಅದು ಬಣ್ಣದ ಒಂದು ವಿಶೇಷ ಪ್ರಸಂಗವೆಂದು, ಅಂದರೆ ಕೆಂಪು, ಹಸಿರು, ನೀಲಿಗಳು ಸಮನಾಗಿರುವ ಒಂದು ಸಣ್ಣ ಓಣಿಯೆಂದು ಬಗೆಯಿತು. ಎಡವಿದ್ದು ಆ ಓಣಿಯಲ್ಲಿಯೇ.

ಹಾಗೆಂದು ಡಿಜಿಟಲ್ ಕಲಾಮುದ್ರಣದ ಇತಿಹಾಸ ಬಣ್ಣದಿಂದ ಶುರುವಾಯಿತೆಂದು ತಿಳಿಯಬಾರದು. ಸಂಗೀತಗಾರನೆಂದೇ ಲೋಕಕ್ಕೆ ಪರಿಚಿತನಾದ ಗ್ರಹಾಂ ನ್ಯಾಶ್ ತಾನು ತೆಗೆದ ಕಪ್ಪು-ಬಿಳುಪು ಭಾವಚಿತ್ರಗಳನ್ನು ಕಂಪ್ಯೂಟರಿನಿಂದ ದೊಡ್ಡದಾಗಿ ಮುದ್ರಿಸುವ ದಾರಿ ಹುಡುಕುತ್ತ ಐರಿಸ್ 3047 ಎಂಬ ಯಂತ್ರವನ್ನು ಕೊಂಡನು. ಅದರ ಬೆಲೆ 1,26,000 ಡಾಲರ್. ಅಚ್ಚುಕೂಟಗಳಲ್ಲಿ ಬಣ್ಣದ ಕರಡು ನೋಡಲೆಂದು ತಯಾರಾದ ಆ ಯಂತ್ರವು ಸಿಲಿಂಡರಿಗೆ ಸುತ್ತಿದ ಕಾಗದದ ಮೇಲೆ ನಾಲ್ಕು ಬಣ್ಣದ ಶಾಯಿಯನ್ನು ಅತಿ ಸೂಕ್ಷ್ಮ ಹನಿಗಳಾಗಿ ಎರಚುತ್ತಿತ್ತು. ನ್ಯಾಶ್ ಮತ್ತು ಅವನ ಜೊತೆಗಾರ ಮ್ಯಾಕ್ ಹೋಲ್ಬರ್ಟ್ ಅದನ್ನು ದಪ್ಪನೆಯ ಜಲವರ್ಣ ಕಾಗದ ಹಿಡಿಯುವಂತೆ ಕೊಯ್ದು ಮಾರ್ಪಡಿಸಿದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ನ್ಯಾಶ್ ಎಡಿಶನ್ಸ್ ಮುದ್ರಣಾಲಯ ಬಾಗಿಲು ತೆರೆಯಿತು. ಬಣ್ಣದ ಕರಡಿಗಾಗಿ ಹುಟ್ಟಿದ ಯಂತ್ರವೊಂದರ ಕಲಾಜೀವನ ಕಪ್ಪು-ಬಿಳುಪಿನಿಂದ ಆರಂಭವಾದದ್ದು ಚರಿತ್ರೆಯ ಒಂದು ಚೇಷ್ಟೆ. ಆ ಶಾಯಿಗಳು ಬೆಳಕಿಗೆ ಬೇಗ ಮಾಸುವ ಡೈ ಶಾಯಿಗಳು ಎಂಬುದು ಮುಂದೆ ದೊಡ್ಡ ತಕರಾರಾಯಿತಾದರೂ, ಛಾಯಾಚಿತ್ರವನ್ನು ಬೆಳ್ಳಿಯಿಲ್ಲದೆ ಕಾಗದಕ್ಕೆ ಇಳಿಸಿ ಕಲಾಕೃತಿಯೆಂದು ಮಾರಬಹುದು ಎಂಬುದು ಸ್ಥಾಪಿತವಾಯಿತು. ಆ ಮೊದಲ ಯಂತ್ರ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

1994ರಲ್ಲಿ ಎಪ್ಸನ್ ಕಂಪನಿಯು ಇಂಚಿಗೆ 720 ಚುಕ್ಕಿಗಳ ಸ್ಟೈಲಸ್ ಕಲರ್ ಪ್ರಿಂಟರನ್ನು ತಂದ ಮೇಲೆ ಈ ಕೆಲಸ ಮೇಜಿನ ಮೇಲಕ್ಕೆ ಬಂತು. ಅದರೊಡನೆ ಬೂದಿನ ಕಷ್ಟವೂ ಮನೆಮನೆಗೆ ಬಂತು. ಮೊದಲ ಕಷ್ಟ ಕಪ್ಪು ಶಾಯಿಯ ಚುಕ್ಕಿಯದು. ಚಿತ್ರದ ತಿಳಿಭಾಗದಲ್ಲಿ, ಮುಖದ ಮೇಲೋ ಮೋಡದ ಮೇಲೋ, ಕಪ್ಪು ಚುಕ್ಕಿಗಳನ್ನು ವಿರಳವಾಗಿ ಹಾಕಿದರೆ ಮೆಣಸಿನಪುಡಿ ಉದುರಿದ ಹಾಗೆ ಕಾಣುತ್ತವೆಂದು ಪ್ರಿಂಟರಿನ ಡ್ರೈವರ್, ಅಂದರೆ ಕಂಪ್ಯೂಟರಿನ ಅಂಕಿಗಳನ್ನು ಶಾಯಿಯ ಪ್ರಮಾಣಗಳಾಗಿ ಮಾರ್ಪಡಿಸುವ ತಂತ್ರಾಂಶ, ಅಲ್ಲಿ ಕಪ್ಪನ್ನು ಬಳಸುತ್ತಲೇ ಇರಲಿಲ್ಲ. ಆಕಾಶನೀಲಿಯಂಥ ಸಯಾನ್, ಗುಲಾಬಿಗೆಂಪಿನ ಮಜೆಂಟಾ, ಹಳದಿ ಈ ಮೂರನ್ನು ಹದವಾಗಿ ಬೆರೆಸಿ ಬೂದು ಕಟ್ಟುತ್ತಿತ್ತು. ಮೂರರಲ್ಲಿ ಒಂದರ ಹದ ತುಸು ತಪ್ಪಿದರೂ ತಿಳಿಭಾಗ ಗುಲಾಬಿಗೂ ನಡುಭಾಗ ಹಸಿರಿಗೂ ವಾಲುತ್ತಿತ್ತು. ಐಸಿಸಿ ಪ್ರೊಫೈಲ್ ಇದನ್ನು ಸರಿಪಡಿಸಬೇಕಿತ್ತು ನಿಜ. ಆದರೆ ಕೆಲವು ನೂರು ಬಣ್ಣದ ಚೌಕಗಳನ್ನು ಮುದ್ರಿಸಿ, ಸ್ಪೆಕ್ಟ್ರೋಫೋಟೋಮೀಟರ್ ಎಂಬ ಮಾಪಕದಿಂದ ಅಳೆದು, ನಡುವಿನ ಬಣ್ಣಗಳನ್ನು ಊಹಿಸಿ ತುಂಬುವ ಕೋಷ್ಟಕದಲ್ಲಿ ಬೂದಿನ ಓಣಿಗೆ ಸಿಗುವ ಅಳತೆಗಳು ಬೆರಳೆಣಿಕೆಯಷ್ಟೇ. ಬಣ್ಣದ ಚಿತ್ರಕ್ಕೆ ಸಾಕಾಗುವ ಊಹೆ ಬೂದಿಗೆ ಸಾಕಾಗಲಿಲ್ಲ.

ಎರಡನೆಯ ಕಷ್ಟ ಇನ್ನೂ ಆಳವಾದದ್ದು, ಯಾಕೆಂದರೆ ಅದನ್ನು ಯಾವ ಪ್ರೊಫೈಲೂ ಸರಿಪಡಿಸಲಾರದು. ಬೆಳ್ಳಿಯ ಕಪ್ಪು ಎಲ್ಲ ತರಂಗಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೀರುವುದರಿಂದ ಬಿಸಿಲಲ್ಲಿ ಹಿಡಿದರೂ ದೀಪದ ಕೆಳಗೆ ಹಿಡಿದರೂ ಅದು ಹೆಚ್ಚು ಬದಲಾಗದು. ಮೂರು ಬಣ್ಣಗಳಿಂದ ಕಟ್ಟಿದ ಬೂದಾದರೋ ಒಂದು ನಿರ್ದಿಷ್ಟ ಬೆಳಕಿನಲ್ಲಿ ಮಾತ್ರ ಬೂದು. ಬೆಳಕು ಬದಲಾದರೆ ಮೂರು ಶಾಯಿಗಳ ಸಮತೋಲ ತಪ್ಪಿ ಅಡಗಿದ್ದ ಬಣ್ಣ ಹೊರಬರುತ್ತದೆ. ಈ ಗುಣವನ್ನು ಮುದ್ರಿಸುವವರು ಮೆಟಾಮೆರಿಸಂ ಎಂದು ಕರೆದರು. ಪಂಡಿತರ ದೃಷ್ಟಿಯಲ್ಲಿ ಆ ಹೆಸರು ಅಷ್ಟು ಸರಿಯಲ್ಲ, ಆದರೂ ಅದೇ ರೂಢಿಯಾಯಿತು. 2000ದಲ್ಲಿ ಬಂದ ಎಪ್ಸನ್ ಸ್ಟೈಲಸ್ ಫೋಟೋ 2000ಪಿ, ಬೇಗ ಮಾಸದ ಪಿಗ್ಮೆಂಟ್ ಶಾಯಿಗಳನ್ನು, ಅಂದರೆ ದ್ರವದಲ್ಲಿ ಕರಗದೆ ಕಣಗಳಾಗಿಯೇ ಉಳಿಯುವ ವರ್ಣದ್ರವ್ಯಗಳನ್ನು, ಮೇಜಿನ ಪ್ರಿಂಟರಿಗೆ ತಂದು ಬಾಳಿಕೆಯ ಪ್ರಶ್ನೆಯನ್ನು ಬಹುಮಟ್ಟಿಗೆ ಬಗೆಹರಿಸಿತು. ಆದರೆ ಅದರ ಕಪ್ಪು-ಬಿಳುಪು ಚಿತ್ರಗಳು ಕೋಣೆಯ ಬಲ್ಬಿನ ಕೆಳಗೆ ಸರಿಯಾಗಿದ್ದು ಕಿಟಕಿಯ ಬಳಿ ತಂದರೆ ಹಸಿರಾಗುತ್ತಿದ್ದವು ಎಂಬುದಕ್ಕೆ ಕುಖ್ಯಾತವಾದವು.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ದೊಡ್ಡ ಕಂಪನಿಗಳಿಗಿಂತ ಮೊದಲು ಕಂಡವನು ಅಮೆರಿಕದ ವರ್ಮಾಂಟಿನಲ್ಲಿ ಕೋನ್ ಎಡಿಶನ್ಸ್ ಎಂಬ ಕಲಾಮುದ್ರಣಾಲಯ ನಡೆಸುತ್ತಿದ್ದ ಜಾನ್ ಕೋನ್. ಬಣ್ಣಗಳಿಂದ ಬೂದು ಕಟ್ಟುವುದೇ ತಪ್ಪಾದರೆ ಬಣ್ಣದ ಶಾಯಿಗಳನ್ನು ಪ್ರಿಂಟರಿನಿಂದ ಹೊರಹಾಕಿ, ಅವುಗಳ ಜಾಗದಲ್ಲಿ ಗಾಢದಿಂದ ತಿಳಿಯವರೆಗೆ ನಾಲ್ಕು ಹಂತದ ಬೂದು ಶಾಯಿಗಳನ್ನೇ ತುಂಬಿದರಾಯಿತು ಎಂಬುದು ಅವನ ತರ್ಕ. ಐರಿಸ್ ಯಂತ್ರದಲ್ಲಿ 1990ರ ದಶಕದಲ್ಲಿ ಈ ಪ್ರಯೋಗ ಮಾಡಿದ ಅವನು 2000ದಲ್ಲಿ ಪಿಯೆಝೋಗ್ರಫಿ ಎಂಬ ಹೆಸರಿನಿಂದ ಎಪ್ಸನ್ ಪ್ರಿಂಟರ್‌ಗಳಿಗೆ ಶಾಯಿಯನ್ನೂ ತಂತ್ರಾಂಶವನ್ನೂ ಕೂಡಿಸಿ ಮಾರತೊಡಗಿದನು. ತಿಳಿಭಾಗದಲ್ಲಿ ತಿಳಿಬೂದು ಶಾಯಿಯೇ ಒತ್ತಾಗಿ ಬೀಳುವುದರಿಂದ ಚುಕ್ಕಿ ಕಾಣುವುದಿಲ್ಲ. ಶಾಯಿಯ ಮುಖ್ಯ ದ್ರವ್ಯ ಕಾರ್ಬನ್ ಕಪ್ಪಾದ್ದರಿಂದ ಬೆಳಕು ಬದಲಾದರೂ ಬಣ್ಣ ಅಷ್ಟಾಗಿ ಹೊರಳುವುದಿಲ್ಲ, ಬಾಳಿಕೆಯೂ ದೀರ್ಘ. ಕಾರ್ಬನ್ ತನ್ನಷ್ಟಕ್ಕೆ ಕಂದಿನತ್ತ ವಾಲುವ ದ್ರವ್ಯವಾದ್ದರಿಂದ ನಿರ್ವರ್ಣ ಬೂದು ಬೇಕೆಂದರೆ ಅದಕ್ಕೆ ಸ್ವಲ್ಪ ನೀಲಿಯಂಥ ದ್ರವ್ಯವನ್ನು ಬೆರೆಸಬೇಕಾಗುತ್ತಿತ್ತು. ಹೀಗೆ ಬೆಚ್ಚನೆಯ ಶಾಯಿ, ತಣ್ಣನೆಯ ಶಾಯಿ, ಸೆಲೆನಿಯಂ ಬಣ್ಣದ ಶಾಯಿ ಎಂದು ಬಾಟಲಿಗಳನ್ನು ಆರಿಸುವ ಪದ್ಧತಿ ಬಂದಾಗ, ಚಿತ್ರದ ಬಣ್ಣ ಅಂಕಿಗಳ ಲೋಕವನ್ನು ಬಿಟ್ಟು ಮತ್ತೆ ವಸ್ತುವಿನೊಳಗೆ ಸೇರಿಕೊಂಡಂತಾಯಿತು. ವರ್ಣನಿರ್ವಹಣೆಯ ಚರಿತ್ರೆಯಲ್ಲಿ ಇದು ಗಮನಾರ್ಹ ತಿರುವು: ಹಲವು ವರ್ಷಗಳಿಂದ ಕಟ್ಟುತ್ತಿದ್ದ ಏರ್ಪಾಡನ್ನು ಕಪ್ಪು-ಬಿಳುಪಿನವರು ಮುಲಾಜಿಲ್ಲದೆ ಪಕ್ಕಕ್ಕಿಟ್ಟರು, ಮತ್ತು ಅವರು ಹಾಗೆ ಮಾಡಿದ್ದೇ ಸರಿಯಾಗಿತ್ತು.

ಈ ಪಂಥಕ್ಕೆ ಅಗ್ಗದ ಸಾಧನವೊಂದನ್ನು ಒದಗಿಸಿದ್ದು ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ. ರಿಪ್ ಎಂದರೆ ಕಂಪನಿಯ ಡ್ರೈವರನ್ನು ಬದಿಗೊತ್ತಿ, ಯಾವ ಗಾಢತೆಗೆ ಯಾವ ಶಾಯಿ ಎಷ್ಟು ಬೀಳಬೇಕೆಂದು ತಾನೇ ನಿರ್ಧರಿಸುವ ತಂತ್ರಾಂಶ. ಬಳಕೆದಾರನು 21 ಅಥವಾ 51 ಹಂತಗಳ ಬೂದುಪಟ್ಟಿಯನ್ನು ಮುದ್ರಿಸಿ ಅಳೆದು ಕೊಟ್ಟರೆ, ಹಂತಗಳು ಸಮ ಅಂತರದಲ್ಲಿ ಗಾಢವಾಗುವಂತೆ ಅದು ರೇಖೆಯನ್ನು ತಿದ್ದುತ್ತಿತ್ತು. ಈ ತಿದ್ದುಪಡಿಗೆ ಲೀನಿಯರೈಸೇಶನ್ ಎಂದು ಹೆಸರು. ಬಣ್ಣದ ಪ್ರೊಫೈಲಿಗೆ ನೂರಾರು ಚೌಕಗಳು ಬೇಕಾದಲ್ಲಿ ಇಲ್ಲಿ ಒಂದೇ ಓಣಿಯಾದ್ದರಿಂದ ಇಪ್ಪತ್ತೊಂದು ಸಾಕು, ಮತ್ತು ಅಷ್ಟೂ ಬೂದಿಗೇ ಮೀಸಲು.

ಪ್ರಿಂಟರ್ ಕಂಪನಿಗಳು ಎಚ್ಚೆತ್ತುಕೊಂಡದ್ದು ಆಮೇಲೆ. ಎಪ್ಸನ್ 2002ರಲ್ಲಿ ಅಲ್ಟ್ರಾಕ್ರೋಮ್ ಶಾಯಿಗಳ ಜೊತೆಗೆ ತಿಳಿಗಪ್ಪು ಎಂಬ ಒಂದು ಹೆಚ್ಚುವರಿ ಶಾಯಿಯನ್ನು ಸೇರಿಸಿತು. ಎಚ್‌ಪಿ ಕಂಪನಿಯು 2003ರ ಫೋಟೋಸ್ಮಾರ್ಟ್ 7960ರಲ್ಲಿ ಬೂದು ಶಾಯಿಗಳ ಪ್ರತ್ಯೇಕ ಕಾರ್ಟ್ರಿಜ್ ಕೊಟ್ಟಿತು. ನಿರ್ಣಾಯಕ ಹೆಜ್ಜೆ 2005ರದು. ಆ ವರ್ಷ ಎಪ್ಸನ್ ಹೊರತಂದ ಆರ್2400, 4800 ಮೊದಲಾದ ಪ್ರಿಂಟರ್‌ಗಳ ಕೆ3 ಶಾಯಿಗಳಲ್ಲಿ ಕಪ್ಪು, ತಿಳಿಗಪ್ಪು, ಇನ್ನೂ ತಿಳಿಯಾದ ಕಪ್ಪು ಎಂಬ ಮೂರು ಹಂತಗಳಿದ್ದವು. ಡ್ರೈವರಿನಲ್ಲಿ ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್ ಎಂಬ ಹೊಸ ಆಯ್ಕೆಯೂ ಇತ್ತು. ಇದನ್ನು ಆರಿಸಿದರೆ ಯಂತ್ರವು ಚಿತ್ರವನ್ನು ಬಹುಪಾಲು ಮೂರು ಕಪ್ಪುಗಳಿಂದಲೇ ಕಟ್ಟಿ, ಛಾಯೆಯನ್ನು ಸರಿದೂಗಿಸಲು ಮಾತ್ರ ಬಣ್ಣದ ಶಾಯಿಯನ್ನು ಚೂರುಪಾರು ಬಳಸುತ್ತದೆ. ನ್ಯೂಟ್ರಲ್, ಕೂಲ್, ವಾರ್ಮ್, ಸೀಪಿಯಾ ಎಂಬ ನಾಲ್ಕು ಸಿದ್ಧ ಛಾಯೆಗಳು, ಅದರಾಚೆಗೆ ಬೆರಳು ಎಳೆದಲ್ಲಿಗೆ ಬಣ್ಣ ಹೊರಳಿಸುವ ಒಂದು ವರ್ಣವೃತ್ತ, ಒಟ್ಟು ಗಾಢತೆಯನ್ನು ನಿರ್ಧರಿಸುವ ಮೆಟ್ಟಿಲುಗಳು, ಹೊಳಪಿನ ಕಾಗದದಲ್ಲಿ ಶಾಯಿ ಬೀಳದ ಬಿಳಿಯ ಜಾಗ ಬೋಳಾಗಿ ಎದ್ದುಕಾಣದಂತೆ ತೀರ ತಿಳಿಯಾದ ಬೂದನ್ನು ಸವರುವ ಸೌಲಭ್ಯ: ಕತ್ತಲಕೋಣೆಯಲ್ಲಿ ಪೊಟ್ಟಣ, ಸ್ನಾನ, ಗ್ರೇಡುಗಳಾಗಿ ಹರಡಿಕೊಂಡಿದ್ದ ತೀರ್ಮಾನಗಳೆಲ್ಲ ಒಂದು ಕಿಟಕಿಯೊಳಗೆ ಸೇರಿದವು. ಮರುವರ್ಷ ಎಚ್‌ಪಿ ತಂದ ಡಿಸೈನ್‌ಜೆಟ್ ಝಡ್3100ರಲ್ಲಿ ಕಪ್ಪು-ಬೂದುಗಳೇ ನಾಲ್ಕು ಶಾಯಿಗಳಾಗಿದ್ದವು, ಅಳೆಯುವ ಸ್ಪೆಕ್ಟ್ರೋಫೋಟೋಮೀಟರನ್ನೂ ಯಂತ್ರದೊಳಗೇ ಕೂಡಿಸಲಾಗಿತ್ತು.

ಈ ಸುಧಾರಣೆಯಿಂದ ಬೇರೊಂದು ಬಗೆಯ ಗೊಂದಲ ಹುಟ್ಟಿತು. ಐಸಿಸಿ ಪದ್ಧತಿಯಂತೆ ಬಣ್ಣದ ಪರಿವರ್ತನೆಯನ್ನು ಫೋಟೋಶಾಪಿನಂಥ ತಂತ್ರಾಂಶವೇ ಮಾಡಿ, ಡ್ರೈವರಿನ ತಿದ್ದುಪಡಿಯನ್ನು ಮುಚ್ಚಿಡಬೇಕು. ಹೊಸ ಕಪ್ಪು-ಬಿಳುಪು ಆಯ್ಕೆಯಲ್ಲಿ ಇದಕ್ಕೆ ವಿರುದ್ಧವಾಗಿ ಫೋಟೋಶಾಪ್ ಸುಮ್ಮನಿದ್ದು ಬಣ್ಣದ ಹೊಣೆಯನ್ನು ಪ್ರಿಂಟರಿಗೇ ಬಿಡಬೇಕು. ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಒಂದೇ ಚಿತ್ರಕ್ಕೆ ಎರಡು ಬಾರಿ ತಿದ್ದುಪಡಿಯಾಗಿ ಅದು ಕಪ್ಪಿಟ್ಟೋ ಮಜೆಂಟಾ ಬಡಿದೋ ಹೊರಬರುತ್ತದೆ. ಮುದ್ರಣದ ಕೈಪಿಡಿಗಳಲ್ಲಿ ಅತಿ ಹೆಚ್ಚು ಬಾರಿ ಬರೆಯಲಾದ ಎಚ್ಚರಿಕೆ ಬಹುಶಃ ಇದೇ ಇರಬೇಕು. 2010ರಲ್ಲಿ ಫೋಟೋಶಾಪ್ ಸಿಎಸ್5 ಬಂದಾಗ, ಯಾವ ತಿದ್ದುಪಡಿಯೂ ಇಲ್ಲದೆ ಅಂಕಿಗಳನ್ನು ಇದ್ದಂತೆ ಕಳಿಸುವ ಆಯ್ಕೆಯನ್ನು ಮುದ್ರಣದ ಕಿಟಕಿಯಿಂದ ತೆಗೆದುಹಾಕಲಾಯಿತು. ಅಳತೆಯ ಚೌಕಗಳನ್ನು ತಿದ್ದದೆ ಮುದ್ರಿಸಬೇಕಾದವರ ತಕರಾರಿನ ಫಲವಾಗಿ ಅಡೋಬಿ ಆ ಒಂದೇ ಕೆಲಸಕ್ಕೆಂದು ಪ್ರತ್ಯೇಕವಾದ ಸಣ್ಣ ತಂತ್ರಾಂಶವೊಂದನ್ನು ಕೊಡಬೇಕಾಯಿತು.

ಗೊಂದಲದ ಇನ್ನೊಂದು ಬೇರು ಗಾಮಾ ಎಂಬ ಅಂಕಿಯಲ್ಲಿದೆ. ಕಡತದಲ್ಲಿ ಬೂದು 0ಯಿಂದ 255ರವರೆಗಿನ ಒಂದು ಸಂಖ್ಯೆಯಾಗಿರುತ್ತದೆ. ಆ ಸಂಖ್ಯೆ ಎಷ್ಟು ಬೆಳಕಿಗೆ ಸಮ ಎಂಬುದನ್ನು ಗಾಮಾ ಹೇಳುತ್ತದೆ. ಮ್ಯಾಕಿಂಟಾಷ್ ಕಂಪ್ಯೂಟರ್‌ಗಳು ತಮ್ಮ ಲೇಸರ್ ಪ್ರಿಂಟರಿಗೆ ಹೊಂದುವಂತೆ 1.8ರ ಗಾಮಾವನ್ನು ಹಿಡಿದಿದ್ದರೆ ಉಳಿದ ಲೋಕ 2.2ರಲ್ಲಿತ್ತು, ಆಪಲ್ 2.2ಕ್ಕೆ ಬದಲಾದದ್ದು 2009ರಲ್ಲಿ. ನಡುವಿನ 128 ಎಂಬ ಸಂಖ್ಯೆಯನ್ನು 2.2ರಲ್ಲಿ ಓದಿದರೆ ಲ್ಯಾಬ್‌ನ ಹೊಳಪು ಸುಮಾರು 54, 1.8ರಲ್ಲಿ ಓದಿದರೆ ಸುಮಾರು 61. ಬಣ್ಣದ ಚಿತ್ರಗಳಿಗೆ ಪ್ರೊಫೈಲ್ ಅಂಟಿಸುವ ಅಭ್ಯಾಸ ಬೇಗ ಬೆಳೆಯಿತು. ಬೂದಿನ ಕಡತಕ್ಕೆ ಬಣ್ಣವೇ ಇಲ್ಲವಲ್ಲ ಎಂಬ ಭಾವನೆಯಿಂದ ಎಷ್ಟೋ ಜನ ಅದನ್ನು ಪ್ರೊಫೈಲಿಲ್ಲದೆ ಬಿಟ್ಟರು, ಅಥವಾ ಫೋಟೋಶಾಪ್ ಪೂರ್ವನಿಯೋಜಿತವಾಗಿ ಕೊಟ್ಟ 20 ಶೇಕಡಾ ಡಾಟ್ ಗೇನ್ ಎಂಬುದನ್ನೇ ಉಳಿಸಿಕೊಂಡರು. ಡಾಟ್ ಗೇನ್ ಎಂದರೆ ಅಚ್ಚಿನ ಶಾಯಿ ಕಾಗದದಲ್ಲಿ ಹರಡಿ ಚುಕ್ಕಿ ದೊಡ್ಡದಾಗುವ ಪ್ರಮಾಣ. ಆಫ್‌ಸೆಟ್ ಮುದ್ರಣಕ್ಕೆ ಅರ್ಥವುಳ್ಳ ಆ ಅಂಕಿಗೆ ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಯಾವ ಕೆಲಸವೂ ಇಲ್ಲ.

ಕಪ್ಪಿನ ಕೊನೆಯ ಅಂಚನ್ನು ಕಾಪಾಡುವ ಪ್ರಶ್ನೆಯೂ ಇದರ ಜೊತೆಗೇ ಬಂತು. ಪರದೆಯ ಕಪ್ಪು ಸೊನ್ನೆಯೆಂದು ಲೆಕ್ಕ. ಹೊಳಪಿಲ್ಲದ ಹತ್ತಿಕಾಗದದಲ್ಲಿ ಡೆನ್ಸಿಟಿ 1.6 ದೊರೆತರೆ ಆ ಕಪ್ಪಿನ ಲ್ಯಾಬ್ ಹೊಳಪು ಸುಮಾರು 18. ಅಳತೆಗೆ ನಿಷ್ಠವಾದ ರಿಲೇಟಿವ್ ಕಲರಿಮೆಟ್ರಿಕ್ ವಿಧಾನದಲ್ಲಿ ಪರಿವರ್ತಿಸಿದರೆ 18ಕ್ಕಿಂತ ಗಾಢವಾದುದೆಲ್ಲ ಒಂದೇ ಮುದ್ದೆಯಾಗಿ, ನೆರಳಿನ ವಿವರಗಳು ಮುಳುಗುತ್ತವೆ. 1998ರ ಫೋಟೋಶಾಪ್ 5ರಲ್ಲಿ ಅಡೋಬಿ ತಂದ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್, ಮೂಲದ ಕಪ್ಪನ್ನು ಕಾಗದದ ಕಪ್ಪಿಗೆ ಜೋಡಿಸಿ ನಡುವಿನ ಹಂತಗಳನ್ನೆಲ್ಲ ಅದಕ್ಕೆ ತಕ್ಕಂತೆ ಹಿಗ್ಗಿಸಿ-ಕುಗ್ಗಿಸಿ ಈ ನಷ್ಟವನ್ನು ತಪ್ಪಿಸಿತು. ಅದು 2015ರಲ್ಲಿ ಐಎಸ್ಒ 18619 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಬಣ್ಣದವರಿಗಿಂತ ಕಪ್ಪು-ಬಿಳುಪಿನವರಿಗೇ ಇದರಿಂದ ಹೆಚ್ಚು ಲಾಭವಾಯಿತೆನ್ನಬಹುದು, ಏಕೆಂದರೆ ನೆರಳಿನ ಹಂತಗಳು ಕಳೆದುಹೋದ ಮೇಲೆ ಅವರ ಚಿತ್ರದಲ್ಲಿ ಕಣ್ಣನ್ನು ಹಿಡಿದಿಡಲು ಬೇರೇನೂ ಉಳಿಯುವುದಿಲ್ಲ.

ಹೊರಹಾಕಲ್ಪಟ್ಟ ಪ್ರೊಫೈಲ್ ಕಪ್ಪು-ಬಿಳುಪಿನ ಮನೆಗೆ ಮರಳಿದ್ದು ಬೇರೆ ವೇಷದಲ್ಲಿ. ಹ್ಯಾರಿಂಗ್ಟನ್ನನ ಸಾಧನಗಳಲ್ಲಿಯೇ ಬೂದುಪಟ್ಟಿಯ ಅಳತೆಗಳಿಂದ ಒಂದೇ ಓಣಿಯ ಐಸಿಸಿ ಪ್ರೊಫೈಲ್ ತಯಾರಿಸುವ ಸೌಲಭ್ಯ ಸೇರಿತು. ಎಪ್ಸನ್ನಿನ ಕಪ್ಪು-ಬಿಳುಪು ಆಯ್ಕೆಯಲ್ಲಿ ಮುದ್ರಿಸುವವರೂ ಅದನ್ನು ಬಳಸಿಕೊಂಡು, ಬಣ್ಣದ ಹೊಣೆಯನ್ನು ಡ್ರೈವರಿಗೆ ಬಿಟ್ಟು ಗಾಢತೆಯ ಹೊಣೆಯನ್ನು ಪ್ರೊಫೈಲಿಗೆ ಒಪ್ಪಿಸಿದರು. ಕೂಡಿಸಲಾಗದ್ದನ್ನು ಕೂಡಿಸಲು ಹತ್ತು ವರ್ಷ ಹೆಣಗಿದ ಮೇಲೆ ಗಾಢತೆ ಮತ್ತು ಬಣ್ಣ ಹೀಗೆ ಮತ್ತೆ ಬೇರೆಯಾದವು. ಕತ್ತಲಕೋಣೆಯಲ್ಲಿ ಗ್ರೇಡು ಒಂದು ಕಡೆ, ಟೋನಿಂಗ್ ಇನ್ನೊಂದು ಕಡೆ ಇದ್ದದ್ದೂ ಇದೇ ವಿಂಗಡಣೆ. ಅಷ್ಟಾದರೂ ಕಾಗದ ಮತ್ತು ಬೆಳಕಿನ ತಂಟೆ ಉಳಿದೇ ಇದೆ. ಕಾಗದಕ್ಕೆ ಬಿಳುಪು ಹೆಚ್ಚಿಸಲು ಬೆರೆಸುವ ಬ್ರೈಟನರ್ ರಾಸಾಯನಿಕವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ನೀಲಿ ಬೆಳಕಾಗಿ ಹೊರಸೂಸುವುದರಿಂದ, ಅಂಥ ಕಿರಣ ಕಡಿಮೆಯಿರುವ ದೀಪದ ಕೆಳಗೆ ಕಾಗದದ ಬಣ್ಣವೇ ಬದಲಾಗುತ್ತದೆ. ಚಿತ್ರದ ತಿಳಿಭಾಗವೆಂದರೆ ಬಹುಪಾಲು ಬರಿಯ ಕಾಗದವೇ ಆದ್ದರಿಂದ ಶಾಯಿಯ ಬೂದು ಎಷ್ಟು ನಿರ್ದೋಷವಾಗಿದ್ದರೂ ನೋಡುವವನಿಗೆ ವ್ಯತ್ಯಾಸ ತಿಳಿಯುತ್ತದೆ.

ಕಪ್ಪು-ಬಿಳುಪು ಯಾವುದು, ಬಣ್ಣ ಯಾವುದು ಎಂಬ ಪ್ರಶ್ನೆಗೆ ನಿಯಮದ ರೂಪ ಕೊಟ್ಟದ್ದು ಸ್ಪರ್ಧೆಗಳು. ಬೆಂಗಳೂರಿನಲ್ಲಿ ನೆಲೆಸಿದ್ದ ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಹುಟ್ಟಿದ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿಯಿಂದ ಮೊದಲುಗೊಂಡು ಕರ್ನಾಟಕದ ಛಾಯಾಗ್ರಾಹಕರಿಗೆ ಸಲೂನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳೊಡನೆ ದೀರ್ಘ ನಂಟಿದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್‌ನ ವ್ಯಾಖ್ಯೆಯಂತೆ, ಇಡೀ ಚಿತ್ರಕ್ಕೆ ಒಂದೇ ಬಣ್ಣದ ಛಾಯೆ ಕೊಟ್ಟರೆ ಅದು ಏಕವರ್ಣ ವಿಭಾಗದಲ್ಲಿಯೇ ಉಳಿಯುತ್ತದೆ. ಒಂದು ಭಾಗಕ್ಕೆ ಮಾತ್ರ ಬಣ್ಣ ಕೊಟ್ಟರೆ ಅಥವಾ ಇನ್ನೊಂದು ಬಣ್ಣ ಸೇರಿಸಿದರೆ ಬಣ್ಣದ ವಿಭಾಗಕ್ಕೆ ಹೋಗುತ್ತದೆ. ಈ ಮಾತನ್ನು ಅಕ್ಷರಶಃ ಹಿಡಿದರೆ, ತಿಳಿಭಾಗ ಗುಲಾಬಿಯೂ ನಡುಭಾಗ ಹಸಿರೂ ಆಗಿ ಹೊರಬಂದ 1990ರ ದಶಕದ ಕೊನೆಯ ಪ್ರಿಂಟ್‌ಗಳೆಲ್ಲ, ಮುದ್ರಿಸಿದವರು ಬಯಸದಿದ್ದರೂ, ಬಣ್ಣದ ಚಿತ್ರಗಳೇ.

ಇಂದು ಕಲಾಸಂಗ್ರಹಾಲಯಗಳ ಗೋಡೆಯ ಚೀಟಿಯಲ್ಲಿ ಇಂಥ ಕೃತಿಗಳ ಕೆಳಗೆ ಪಿಗ್ಮೆಂಟ್ ಪ್ರಿಂಟ್ ಎಂದೋ ಇಂಕ್‌ಜೆಟ್ ಪ್ರಿಂಟ್ ಎಂದೋ ಬರೆದಿರುತ್ತದೆ, ಕೆಲವೊಮ್ಮೆ ಕಾಗದದ ಹೆಸರೂ ಇರುತ್ತದೆ. ಯಾವ ಡ್ರೈವರ್ ಆಯ್ಕೆ, ಯಾವ ರೇಖೆ, ಯಾವ ಪ್ರೊಫೈಲ್ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಪ್ರೊಫೈಲ್ ಎಂಬುದು ಒಂದು ಪ್ರಿಂಟರ್, ಒಂದು ಬಗೆಯ ಶಾಯಿ, ಒಂದು ಕಾಗದ ಈ ಮೂರು ಸೇರಿದ ಕೂಟಕ್ಕಷ್ಟೇ ಅನ್ವಯಿಸುವ ಅಳತೆಯಾದ್ದರಿಂದ, ಮೂರರಲ್ಲಿ ಒಂದು ಮಾರುಕಟ್ಟೆಯಿಂದ ಮರೆಯಾದರೂ ಅದು ನಿರುಪಯೋಗಿ. ಕೆ3ಕ್ಕಿಂತ ಮುಂಚಿನ ಶಾಯಿಗಳಲ್ಲಿ ಸೀಮಿತ ಪ್ರತಿಗಳ ಮಾಲಿಕೆಯೊಂದನ್ನು ಆರಂಭಿಸಿ ಅರ್ಧಕ್ಕೆ ನಿಲ್ಲಿಸಿದ ಕಲಾವಿದನು ಉಳಿದ ಪ್ರತಿಗಳನ್ನು ಇಂದಿನ ಯಂತ್ರದಲ್ಲಿ ತೆಗೆಯಬೇಕಾದರೆ, ಹಳೆಯ ಪ್ರತಿಯೊಂದರ ಬೂದುಗಳನ್ನು ಮಾಪಕದಿಂದ ಅಳೆದು, ಆ ಲ್ಯಾಬ್ ಅಂಕಿಗಳನ್ನೇ ಗುರಿಯಾಗಿಟ್ಟುಕೊಂಡು, ಹೊಸ ಶಾಯಿಗಳಿಂದ ಹಳೆಯ ವಾಲನ್ನು ಬೇಕೆಂದೇ ಮರುಕಟ್ಟಬೇಕಾಗುತ್ತದೆ. ಆ ಹಳೆಯ ಪ್ರತಿ ಇಷ್ಟು ವರ್ಷಗಳಲ್ಲಿ ತಾನೇ ಎಷ್ಟು ಹೊರಳಿದೆ ಎಂಬುದನ್ನು ಮೊದಲ ದಿನದ ಅಳತೆ ಬರೆದಿಟ್ಟಿದ್ದರೆ ಮಾತ್ರ ಹೇಳಬಹುದು.